ಭುಜ ಇಳಿಸಿ, ಆಮೇಲೆ ಜಗಳಕ್ಕೆ ಕೂರಿ

ಜಗಳವೇ ಆಗದ ಮನೆಯೇ ಒಳ್ಳೆಯ ಮನೆ ಎಂದು ನಂಬಿದವರಿಗೆ ಈ ಬರಹ ಅಲ್ಲ. ಇಬ್ಬರು ಒಂದೇ ಸೂರಿನಡಿ ಇದ್ದಮೇಲೆ ಹಾಲು ಉಕ್ಕಿದ್ದಕ್ಕೂ ಮಾತು ಏರುತ್ತದೆ, ಸಾಲ ತೀರದಿದ್ದಕ್ಕೂ ಏರುತ್ತದೆ. ಏರಲಿ ಬಿಡಿ. ಏರಿದ್ದು ಎಲ್ಲಿ ಹೋಗಿ ಇಳಿಯುತ್ತದೆ ಎನ್ನುವುದು ಮುಖ್ಯ. ಅದನ್ನು ತೀರ್ಮಾನಿಸುವುದರಲ್ಲಿ ಬುದ್ಧಿಗಿಂತ ಮೈಯ ಪಾಲು ದೊಡ್ಡದು.

1980ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಲೆವೆನ್ಸನ್ ಮತ್ತು ಜಾನ್ ಗಾಟ್ಮನ್ ಗಂಡ ಹೆಂಡತಿಯರನ್ನು ಪ್ರಯೋಗಾಲಯದಲ್ಲಿ ಎದುರುಬದುರು ಕೂರಿಸಿ, ಮೈಗೆ ತಂತಿ ಜೋಡಿಸಿ, ಮನೆಯ ಯಾವುದಾದರೂ ಒಂದು ತಕರಾರಿನ ಬಗ್ಗೆ ಮಾತಾಡಿ ಎಂದರು. ಎದೆಬಡಿತ, ಬೆವರು, ಕೂತಲ್ಲೇ ಮಿಸುಕಾಡುವುದು, ಎಲ್ಲವೂ ದಾಖಲಾಯಿತು. ಮೂರು ವರ್ಷ ಕಳೆದು ವಿಚಾರಿಸಿದಾಗ, ಅಂದು ಮೈ ಹೆಚ್ಚು ಕಾದಿದ್ದವರ ದಾಂಪತ್ಯವೇ ಹೆಚ್ಚು ಸೊರಗಿತ್ತು. ಅಂದಿನ ಎದೆಬಡಿತವೇ ಮುಂದಿನದನ್ನು ಹೇಳಿತ್ತು.

ಹಾಗಾಗಿ ಇಲ್ಲಿರುವ ಸೂತ್ರಗಳಲ್ಲಿ ಕೆಲವು ಮೈಯನ್ನು ಹದಕ್ಕೆ ತರುವುದಕ್ಕೆ, ಉಳಿದವು ಹದಕ್ಕೆ ಬಂದ ಮೇಲೆ ಜಗಳ ಆಡುವುದಕ್ಕೆ. ಮೊದಲನೆಯದನ್ನಷ್ಟೇ ಮಾರುವ ಸ್ಪಾಗಳು ಬೀದಿಗೊಂದಿವೆ. ಸಾವಿರಾರು ರೂಪಾಯಿ ಕೊಟ್ಟು ಬೆನ್ನು ತಿಕ್ಕಿಸಿಕೊಂಡು ಬಂದು ಸೊಗಸಾಗಿ ನಿದ್ದೆ ಹೊಡೆಯಬಹುದು. ಮನೆಯ ಕಂತಿನ ವಿಷಯ ಮಾತ್ರ ಬೆಳಿಗ್ಗೆ ಎದ್ದಾಗ ಇದ್ದಲ್ಲೇ ಇರುತ್ತದೆ.

1. ಮೊದಲು, ಇದು ಜಗಳವೇ ಹೌದೇ ನೋಡಿಕೊಳ್ಳಿ

ಸಂಗಾತಿ ಗೇಟು ತೆರೆದ ಸದ್ದಿಗೇ ನಿಮ್ಮ ಹೊಟ್ಟೆ ಹಿಂಡುತ್ತದೆಯೇ? ಕೈ ಎತ್ತುತ್ತಾರೆಯೇ? ನಿಮ್ಮ ಎಟಿಎಂ ಕಾರ್ಡು ಅವರ ಜೇಬಿನಲ್ಲಿದೆಯೇ? ತವರಿಗೆ ಫೋನ್ ಮಾಡಲು ಅಪ್ಪಣೆ ಬೇಕೇ? ಹಾಗಿದ್ದರೆ ಅದು ಜಗಳವಲ್ಲ, ದೌರ್ಜನ್ಯ. ಕೆಳಗಿನ ಒಂದು ಸೂತ್ರವೂ ಅದಕ್ಕೆ ಮದ್ದಲ್ಲ. ‘ಸ್ವಲ್ಪ ಮೆತ್ತಗೆ ಮಾತಾಡಿ ನೋಡು’ ಎಂದು ಬುದ್ಧಿ ಹೇಳುವ ಬಂಧುಗಳನ್ನೂ ನಂಬಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಅವಮಾನ, ಬೆದರಿಕೆ, ಹಣ ಕೊಡದೆ ಸತಾಯಿಸುವುದು ಇವನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಮಹಿಳಾ ಸಹಾಯವಾಣಿ 181. ತುರ್ತಿಗೆ 112. ಮನಸ್ಸು ಕುಸಿದಿದ್ದರೆ ಟೆಲಿ-ಮಾನಸ್ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೆದರಿಕೆಯ ಮಾತಿಲ್ಲ, ಬರೀ ಸಿಟ್ಟು ಅನ್ನುವವರು ಮುಂದಕ್ಕೆ ಓದಿ.

2. ನಾಡಿ ಎಣಿಸಿ

ಮಾತು ಬಿಸಿಯಾಗುತ್ತಿದ್ದಂತೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ. 25 ದಾಟಿದರೆ, ಅಂದರೆ ನಿಮಿಷಕ್ಕೆ 100 ಮೀರಿದರೆ, ಅಲ್ಲಿಗೆ ನಿಲ್ಲಿಸಿ. ಗಾಟ್ಮನ್ ಹಾಕಿದ ಗೆರೆ ಇದು. ಆ ಗೆರೆಯ ಆಚೆ ಕಿವಿಗೆ ಮಾತು ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಎದುರಿನವರ ಒಂದು ವಾಕ್ಯದಲ್ಲಿ ಚುಚ್ಚುವ ಪದ ಮಾತ್ರ ಕೇಳಿಸುತ್ತದೆ, ಅದರ ಹಿಂದಿನ ಕಾರಣ ಕೇಳಿಸುವುದಿಲ್ಲ. ತಮಾಷೆ ಹೊಳೆಯುವುದಿಲ್ಲ. ಹೇಳಿದ್ದನ್ನೇ ನಾಲ್ಕು ಸಲ ಹೇಳುತ್ತೀರಿ. ಮೆಟ್ಟಿಲು ಹತ್ತಿ ಬಂದ ತಕ್ಷಣ, ಜ್ವರ ಇದ್ದಾಗ, ಎರಡನೇ ಲೋಟ ಸ್ಟ್ರಾಂಗ್ ಕಾಫಿಯ ನಂತರ ಈ ಲೆಕ್ಕ ಹಿಡಿಯಬೇಡಿ. ದಿನಾ ಓಡುವ ಅಭ್ಯಾಸ ಇರುವವರ ನಾಡಿ ಮೊದಲೇ ನಿಧಾನ, ಅವರ ಗೆರೆಯೂ ಕೆಳಗಿರುತ್ತದೆ.

ಎಣಿಸಲು ತಾಳ್ಮೆ ಇಲ್ಲದವರು ಮೈಯ ಬೇರೆ ಗುರುತುಗಳನ್ನು ನೋಡಿಕೊಳ್ಳಬಹುದು. ಕಿವಿ ಬಿಸಿಯಾಗಿದೆ. ಹಲ್ಲು ಕಚ್ಚಿಕೊಂಡಿದ್ದೀರಿ. ಭುಜ ಕಿವಿಯ ಹತ್ತಿರಕ್ಕೆ ಏರಿದೆ. ನಮ್ಮಲ್ಲಿ ಬಹಳ ಜನ ಆಫೀಸಿನ ಕುರ್ಚಿಯಿಂದ ಎದ್ದಾಗಲೂ ಅದೇ ಭುಜವನ್ನು ಹೊತ್ತುಕೊಂಡೇ ಮನೆಗೆ ಬರುತ್ತಾರೆ. ಬೇಕಿದ್ದರೆ ಈಗಲೇ ಇಳಿಸಿ ನೋಡಿ, ಎಷ್ಟು ಮೇಲಿತ್ತು ಎಂದು ತಿಳಿಯುತ್ತದೆ.

3. ಬಿಡುವು ಕೇಳಿ, ಗಡುವು ಕೊಡಿ

ಗಾಟ್ಮನ್ ಲ್ಯಾಬಿನಲ್ಲಿ ಒಮ್ಮೆ ಒಂದು ಉಪಾಯ ಮಾಡಿದರು. ಜಗಳ ಕಾವೇರುವ ಹೊತ್ತಿಗೆ, ಯಂತ್ರ ಸ್ವಲ್ಪ ಸರಿಮಾಡಬೇಕು, ಅಲ್ಲಿಯವರೆಗೆ ಈ ಮ್ಯಾಗಝೀನ್ ಓದುತ್ತಿರಿ, ಆ ವಿಷಯ ಮಾತ್ರ ಎತ್ತಬೇಡಿ ಎಂದು ಅರ್ಧ ಗಂಟೆ ಬಿಟ್ಟರು. ಮತ್ತೆ ಶುರುವಾದಾಗ ಎದೆಬಡಿತ ಇಳಿದಿತ್ತು, ಅದೇ ದಂಪತಿಯ ಮಾತಿನ ಧಾಟಿಯೂ ಬದಲಾಗಿತ್ತು. ಸಿಟ್ಟಿನಲ್ಲಿ ರಕ್ತಕ್ಕೆ ಸೇರಿದ ಅಡ್ರಿನಲಿನ್‌ನಂಥ ರಾಸಾಯನಿಕಗಳು ತಗ್ಗಲು ಕನಿಷ್ಠ 20 ನಿಮಿಷ ಬೇಕು. ಎರಡು ನಿಮಿಷ ಬಾಲ್ಕನಿಗೆ ಹೋಗಿ ಬಂದರೆ ಸಾಲದು.

‘ಥೂ, ನಿನ್ನ ಹತ್ರ ಮಾತಾಡಿ ಪ್ರಯೋಜನ ಇಲ್ಲ’ ಎಂದು ಚಪ್ಪಲಿ ಮೆಟ್ಟಿ ಹೊರಟರೆ ಅದು ಬಿಡುವಲ್ಲ, ಇನ್ನೊಂದು ಏಟು. ‘ತಲೆ ಕಾದಿದೆ ಕಣೇ, ಎಂಟೂವರೆಗೆ ಮತ್ತೆ ಕೂರೋಣ’ ಎನ್ನಿ. ಗಂಟೆ ಹೇಳುವುದು ಕಡ್ಡಾಯ. ಬಿಡುವು ಕೇಳಿದವರೇ ಎಂಟೂವರೆಗೆ ಬಂದು ಕರೆಯಬೇಕು, ಇದೂ ಕಡ್ಡಾಯ. ಈ ಎರಡನೇ ಷರತ್ತು ತಪ್ಪಿದರೆ ಮುಂದಿನ ಸಲ ಬಿಡುವು ಕೇಳಿದಾಗ ಯಾರೂ ಕೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

4. ಪಾತ್ರೆ ಕುಕ್ಕಬೇಡಿ

ಸಿಟ್ಟನ್ನು ಹೊರಗೆ ಹಾಕಿದರೆ ಹಗುರವಾಗುತ್ತದೆ ಎನ್ನುವುದು ದೊಡ್ಡ ಸುಳ್ಳು. ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಪಂಚಿಂಗ್ ಬ್ಯಾಗ್ ಗುದ್ದಲು ಬಿಟ್ಟರು. ಸಿಟ್ಟು ಬರಿಸಿದವನನ್ನು ನೆನೆಸಿಕೊಂಡು ಗುದ್ದಿದವರಿಗೆ ಸಿಟ್ಟು ಇಳಿಯಲಿಲ್ಲ, ಏರಿತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿ. ಸಿಂಕಿನಲ್ಲಿ ಕುಕ್ಕರನ್ನು ದಡಾರನೆ ಇಡುವುದು, ಬೀರು ಬಾಗಿಲು ಬಡಿಯುವುದು, ಬೈಕಿನ ಆಕ್ಸಿಲರೇಟರ್ ತಿರುವುವುದು ಇವೆಲ್ಲ ಅದೇ ಗುದ್ದು. ಬಿಡುವಿನ 20 ನಿಮಿಷದಲ್ಲಿ ‘ಅವಳು ಹಾಗಂದ್ರೆ ನಾನು ಹೀಗನ್ನಬೇಕು’ ಎಂದು ತಾಲೀಮು ನಡೆಸುವುದೂ ಗುದ್ದೇ, ಸದ್ದಿಲ್ಲದ್ದು ಅಷ್ಟೆ.

5. ಬಿಡುವಿನಲ್ಲಿ ಮೈಗೆ ಕೆಲಸ ಕೊಡಿ

ಮೂಗಿನಿಂದ ಉಸಿರು ಎಳೆದುಕೊಳ್ಳಿ. ತುಂಬಿತು ಅನಿಸಿದ ಮೇಲೆ ಇನ್ನೊಂದು ಚೂರು ಎಳೆಯಿರಿ. ಆಮೇಲೆ ಬಾಯಿಂದ ನಿಧಾನವಾಗಿ, ಪೂರ್ತಿ ಖಾಲಿಯಾಗುವವರೆಗೆ ಬಿಡಿ. ಮಲಗಿದ ಮಗು ಅತ್ತು ಅತ್ತು ಸುಸ್ತಾದ ಮೇಲೆ ತಾನಾಗಿ ಬಿಡುವ ನಿಟ್ಟುಸಿರು ಇದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಮನಸ್ಸು, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ತಿಳಿಯಾಗಿತ್ತು.

ಇನ್ನೊಂದು ಹಳೆಯ ದಾರಿ ಇದೆ. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲೇ ಬರೆದಿಟ್ಟದ್ದು: ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ, ಬಿಡಿ. ಮುಷ್ಟಿ ಐದು ಸೆಕೆಂಡು ಬಿಗಿ, ಸಡಿಲ. ಭುಜ ಮೇಲಕ್ಕೆ, ಸಡಿಲ. ದವಡೆ, ಹೊಟ್ಟೆ, ತೊಡೆ, ಕಾಲ್ಬೆರಳು. ಸಡಿಲ ಎಂದರೇನು ಎಂಬುದೇ ಮರೆತುಹೋದ ಮೈಗೆ ಬಿಗಿ ಯಾವುದು, ಸಡಿಲ ಯಾವುದು ಎಂದು ಮತ್ತೆ ಗೊತ್ತುಮಾಡಿಸುವ ಉಪಾಯ ಇದು. ಶವಾಸನ ಬಲ್ಲವರಿಗೆ ಹೊಸದೇನಲ್ಲ.

ಎರಡೂ ಬೇಡವೇ, ಟೆರೇಸಿನ ಮೇಲೆ ಒಣಗಿದ ಬಟ್ಟೆ ತೆಗೆದು ಮಡಚಿ. ಮೊಬೈಲ್ ಮಾತ್ರ ಕೈಗೆತ್ತಿಕೊಳ್ಳಬೇಡಿ.

6. ಹೊಟ್ಟೆಗೆ ಹಾಕಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆಯನ್ನು ಎಲ್ಲರೂ ‘ತಾನಾಗಿ ಸರಿಹೋಗುತ್ತೆ ಬಿಡಿ’ ಎನ್ನಲು ಬಳಸುತ್ತಾರೆ. ನನಗೆ ಅದರಲ್ಲಿ ಅಡುಗೆಮನೆಯ ವೈದ್ಯವೇ ಹೆಚ್ಚು ಕಾಣಿಸುತ್ತದೆ: ಮೊದಲು ಊಟ, ಆಮೇಲೆ ನಿದ್ದೆ, ವಿಷಯ ಏನಿದ್ದರೂ ಅದರ ನಂತರ. ಇದೇ ಬುಶ್‌ಮನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 107 ದಂಪತಿಗಳ ರಕ್ತದ ಸಕ್ಕರೆಯನ್ನು 21 ದಿನ ಅಳೆಸಿದರು. ಜೊತೆಗೆ ಒಬ್ಬೊಬ್ಬರಿಗೂ ಒಂದು ಬೊಂಬೆ, 51 ಗುಂಡುಸೂಜಿ. ಇದು ನಿಮ್ಮ ಗಂಡ ಅಥವಾ ಹೆಂಡತಿ ಎಂದುಕೊಳ್ಳಿ, ದಿನಾ ರಾತ್ರಿ ಸಿಟ್ಟಿದ್ದಷ್ಟು ಚುಚ್ಚಿ ಎಂದರು. ರಾತ್ರಿ ಸಕ್ಕರೆ ಕಡಿಮೆ ಇದ್ದವರ ಬೊಂಬೆಗೆ ಸೂಜಿ ಹೆಚ್ಚು ಬಿದ್ದಿತ್ತು.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಮನೆ ಮುಟ್ಟಿದವರ ಶೂ ಬಿಚ್ಚುವ ಮೊದಲೇ ‘ಕರೆಂಟ್ ಬಿಲ್ ಕಟ್ಟಿದ್ರಾ?’ ಎಂದು ಕೇಳಬೇಡಿ. ಹಾಗೆಯೇ, ಬಂದವರು ‘ಇನ್ನೂ ಅಡುಗೆ ಆಗಿಲ್ವಾ?’ ಎಂದು ಶುರುಮಾಡಬೇಡಿ. ಒಳಗಿದ್ದವರಿಗೂ ಹಸಿವೆ ಇರುತ್ತದೆ. ಮೊದಲು ಒಂದು ಬಾಳೆಹಣ್ಣು, ಒಂದು ಹಿಡಿ ಕಡ್ಲೆಕಾಯಿ. ರಾತ್ರಿ ಹತ್ತೂವರೆ ಆಗಿದ್ದರೆ ಮಲಗಿ. ಸಿಟ್ಟಿನಲ್ಲಿ ಮಲಗಬಾರದು ಎಂದು ಬೆಳಗಿನ ಜಾವ ಎರಡು ಗಂಟೆವರೆಗೆ ಕೂತು ಬಗೆಹರಿಸಲು ಹೊರಟರೆ ಎಂಥ ಜಾಣರ ನಾಲಿಗೆಯೂ ಜಾರುತ್ತದೆ.

7. ಮೊದಲ ಮೂರು ನಿಮಿಷ ಜೋಪಾನ

ಸಂಶೋಧಕಿ ಸಿಬಿಲ್ ಕ್ಯಾರೆರ್ ಮತ್ತು ಗಾಟ್ಮನ್ 1999ರಲ್ಲಿ 124 ನವದಂಪತಿಗಳ 15 ನಿಮಿಷದ ಜಗಳಗಳನ್ನು ನೋಡಿ ಪ್ರಕಟಿಸಿದ ಲೇಖನದ ಪ್ರಕಾರ, ಮುಂದಿನ ಆರು ವರ್ಷದಲ್ಲಿ ಯಾರು ಬೇರೆಯಾದಾರು ಎಂದು ಅಂದಾಜಿಸಲು ಮೊದಲ ಮೂರು ನಿಮಿಷವೇ ಸಾಕಾಗಿತ್ತು. ಅಂದರೆ ಒರಟಾಗಿ ಶುರುವಾದದ್ದು ಹೆಚ್ಚಾಗಿ ಒರಟಾಗಿಯೇ ಮುಗಿಯುತ್ತದೆ. ಬಿಡುವಿಲ್ಲದೆ ನಡುವೆ ದಾರಿ ಬದಲಿಸುವವರು ಕಡಿಮೆ.

‘ನಿಮಗೆ ನಿಮ್ಮಮ್ಮ, ನಿಮ್ಮ ತಮ್ಮ ಬಿಟ್ರೆ ನಾವ್ಯಾರೂ ಕಣ್ಣಿಗೇ ಬೀಳಲ್ಲ’ ಎಂದು ಶುರುಮಾಡಿದರೆ ಅವರು ಅಮ್ಮನನ್ನು ಕಾಪಾಡಲು ಹೊರಡುತ್ತಾರೆ, ನಿಮ್ಮ ವಿಷಯ ಅಲ್ಲಿಗೆ ಬಿತ್ತು. ಬದಲಿಗೆ, ‘ರೀ, ಭಾನುವಾರ ಹನ್ನೆರಡು ಜನರಿಗೆ ಒಬ್ಬಳೇ ಬೇಯಿಸಿದೆ. ಸುಸ್ತಾಯ್ತು, ಬೇಜಾರೂ ಆಯ್ತು. ಮುಂದಿನ ಸಲ ಪಲ್ಯ, ಕೋಸಂಬರಿ ನೀವು ನೋಡ್ಕೊಳ್ತೀರಾ?’ ಇದರಲ್ಲಿ ಮೂರು ಭಾಗ ಇದೆ. ಆದದ್ದು ಏನು, ನನಗೆ ಏನನಿಸಿತು, ಈಗ ಏನು ಬೇಕು. ಮೂರನೆಯದನ್ನೇ ಜನ ನುಂಗಿಬಿಡುತ್ತಾರೆ. ಏನು ಬೇಕು ಎಂದು ಹೇಳದೆ ಬರೀ ದೂರು ಹೇಳಿದರೆ ಎದುರಿನವರು ಮಾಡಬಹುದಾದದ್ದು ಎರಡೇ, ವಾದ ಅಥವಾ ಪಲಾಯನ.

‘ಯಾವಾಗ್ಲೂ’, ‘ಒಂದ್ ದಿನಾನಾದ್ರೂ’, ‘ಮದುವೆ ಆದಾಗಿಂದ’ ಈ ಮೂರನ್ನು ನಾಲಿಗೆಯಿಂದ ತೆಗೆದುಹಾಕಿದರೆ ಅರ್ಧ ಕೆಲಸ ಮುಗಿಯಿತು. ದೂರು ಹೇಳುವಾಗ ಕೂತುಕೊಳ್ಳಿ, ಅದೂ ಮೈಯ ವಿಷಯವೇ. ನಿಂತವರು ಬೈದಂತೆ ಕಾಣುತ್ತಾರೆ. ಅಕ್ಕಪಕ್ಕ ನಡೆಯುತ್ತಾ ಮಾತಾಡುವುದು ಇನ್ನೂ ಚೆಂದ. ಕಣ್ಣಿಗೆ ಕಣ್ಣು ಕೊಡುವ ಒತ್ತಡ ಇರುವುದಿಲ್ಲ, ಹೆಜ್ಜೆ ತಾನಾಗಿ ಒಂದೇ ಲಯಕ್ಕೆ ಬರುತ್ತದೆ, ಗೋಡೆಯಾಚೆಯ ಫ್ಲ್ಯಾಟಿನವರಿಗೂ ಕೇಳಿಸುವುದಿಲ್ಲ.

8. ತವರನ್ನು ಎಳೆಯಬೇಡಿ

‘ನಿಮ್ಮ ಮನೆಯವರ ಬುದ್ಧಿಯೇ ಅಷ್ಟು’. ಮೂತಿ ಓರೆ ಮಾಡುವುದು, ಅವರ ಧ್ವನಿಯನ್ನು ಅಣಕಿಸುವುದು, ಕಣ್ಣು ಮೇಲೆ ಮಾಡುವುದು. ಗಾಟ್ಮನ್ ಪಟ್ಟಿಯಲ್ಲಿ ಸಂಬಂಧ ಕೆಡಿಸುವ ನಾಲ್ಕು ನಡವಳಿಕೆಗಳಿವೆ: ವ್ಯಕ್ತಿಯನ್ನೇ ಹೀಗಳೆಯುವುದು, ತಿರಸ್ಕಾರ, ಎಲ್ಲಕ್ಕೂ ಸಮಜಾಯಿಷಿ ಕೊಡುವುದು, ಗೋಡೆಯಂತಾಗುವುದು. ಇವುಗಳಲ್ಲಿ ತಿರಸ್ಕಾರವೇ ಎಲ್ಲಕ್ಕಿಂತ ಕೆಟ್ಟದ್ದು. ಸಿಟ್ಟಿನಲ್ಲಿ ಇಬ್ಬರೂ ಸಮ. ತಿರಸ್ಕಾರದಲ್ಲಿ ಒಬ್ಬರು ಮೇಲೆ ಹತ್ತಿ ಕೂತಿರುತ್ತಾರೆ.

ಇದು ಮನಸ್ಸಿಗೆ ಮಾತ್ರ ತಾಗುವುದಲ್ಲ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ತಂಡ 42 ದಂಪತಿಗಳನ್ನು ಎರಡು ಸಲ ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಂಡು, ಮುಂಗೈ ಮೇಲೆ ಸಣ್ಣ ಗುಳ್ಳೆಗಾಯ ಮಾಡಿ ಅದು ಮಾಯುವುದನ್ನು ನೋಡಿತು. ಒಂದು ಸಲ ಪರಸ್ಪರ ಬೆಂಬಲದ ಮಾತುಕತೆ, ಇನ್ನೊಂದು ಸಲ ಮನಸ್ತಾಪದ ವಿಷಯ. 2005ರಲ್ಲಿ ಪ್ರಕಟವಾದ ಫಲಿತಾಂಶ: ಮನಸ್ತಾಪದ ಮಾತಿನ ನಂತರ ಗಾಯ ನಿಧಾನವಾಗಿ ಮಾಯಿತು. ಪರಸ್ಪರ ಹಗೆಯಿಂದ ಮಾತಾಡುವ ದಂಪತಿಗಳಲ್ಲಂತೂ ಮಾಯುವ ವೇಗ ಉಳಿದವರ ಶೇ 60ರಷ್ಟೇ ಇತ್ತು. ಎಲ್ಲ ದಂಪತಿಗಳೂ ಮನಸ್ತಾಪದ ವಿಷಯ ಮಾತಾಡಿದ್ದರು ಎನ್ನುವುದನ್ನು ಗಮನಿಸಿ. ಹೆಚ್ಚು ಕೆಡಿಸಿದ್ದು ಹಗೆಯ ಧಾಟಿ.

9. ಮಾತು ಬಿಡಬೇಡಿ

‘ಪುಟ್ಟಾ, ಹೋಗಿ ನಿಮ್ಮಪ್ಪನಿಗೆ ಊಟಕ್ಕೆ ಬರೋದಕ್ಕೆ ಹೇಳು.’ ಅಪ್ಪ ಎರಡು ಅಡಿ ದೂರದ ಸೋಫಾದಲ್ಲೇ ಇರುತ್ತಾರೆ. ವಾರಗಟ್ಟಲೆ ನಡೆಯುವ ಈ ಟಪಾಲು ಸೇವೆಯನ್ನು ನಮ್ಮ ಮನೆಗಳಲ್ಲಿ ತಾಳ್ಮೆ ಎಂದು ಹೊಗಳುವವರೂ ಇದ್ದಾರೆ. ಗೋಡೆಯಂತೆ ಕೂರುವವರಲ್ಲಿ ಹೆಚ್ಚಿನವರು ಗಂಡಸರು, ಗಾಟ್ಮನ್ ಕಂಡಂತೆ ಸುಮಾರು ಶೇ 85ರಷ್ಟು. ಹೊರಗೆ ತಣ್ಣಗೆ ಪೇಪರ್ ಓದುತ್ತಿರುವ ಆ ಮನುಷ್ಯನ ಎದೆ ಒಳಗೆ ಢವಢವ ಅನ್ನುತ್ತಿರುತ್ತದೆ. ಕಲ್ಲುಮನಸ್ಸು ಎಂದು ಹೆಂಡತಿ ತಿಳಿಯುತ್ತಾಳೆ, ಇನ್ನಷ್ಟು ಜೋರಾಗಿ ಮಾತಾಡುತ್ತಾಳೆ, ಅವನು ಇನ್ನಷ್ಟು ಒಳಗೆ ಸರಿಯುತ್ತಾನೆ. ಅಂಥ ಗಂಡಸರಿಗೆ ಹೇಳುವುದು ಇಷ್ಟೇ: ‘ಏನೂ ತೋಚ್ತಾ ಇಲ್ಲ, ಆದ್ರೆ ಕೇಳಿಸ್ಕೊಳ್ತಾ ಇದೀನಿ’ ಎಂದಾದರೂ ಬಾಯಿಬಿಡಿ. ಅದೂ ಆಗದಿದ್ದರೆ ಮೂರನೇ ಸೂತ್ರದಂತೆ ಗಡುವು ಕೊಟ್ಟು ಏಳಿ.

ಮಕ್ಕಳ ಮುಂದೆ ಜಗಳವೇ ಬೇಡ ಎನ್ನುವ ಬುದ್ಧಿಮಾತು ಅರ್ಧ ಸರಿ. ನೊಟ್ರ ಡೇಮ್ ವಿಶ್ವವಿದ್ಯಾಲಯದ ಮಾರ್ಕ್ ಕಮಿಂಗ್ಸ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಜಗಳ ಬಗೆಹರಿದದ್ದನ್ನು ಕಂಡ ಮಕ್ಕಳ ಕಳವಳ ಬೇಗ ಇಳಿಯುತ್ತದೆ, ಬಿಗುಮಾನದ ಮೌನವನ್ನೂ ಮಕ್ಕಳು ಜಗಳವೆಂದೇ ಗುರುತಿಸುತ್ತಾರೆ ಎನ್ನುವುದು ಅವರು ಕಂಡುಕೊಂಡದ್ದು. ನಾವು ಜಗಳವನ್ನು ಹಾಲ್‌ನಲ್ಲಿ ಆಡಿ, ರಾಜಿಯನ್ನು ರೂಮಿನ ಬಾಗಿಲು ಹಾಕಿಕೊಂಡು ಮಾಡುತ್ತೇವೆ. ಶುರುವಾದದ್ದನ್ನು ಮಗು ನೋಡಿದ್ದರೆ ಮುಗಿದದ್ದನ್ನೂ ನೋಡಲಿ.

10. ಕೇಳಿ ಮುಟ್ಟಿ

2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಹೊಡೆಯಬಹುದು ಎಂಬ ಸೂಚನೆ ಕೊಡುತ್ತಾ ಮೆದುಳನ್ನು ಗಮನಿಸಿದರು. ಯಾರ ಕೈಯೂ ಇಲ್ಲದಾಗ ಆತಂಕ ಹೆಚ್ಚು, ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ಕಡಿಮೆ, ಗಂಡನ ಕೈ ಹಿಡಿದಾಗ ಇನ್ನೂ ಕಡಿಮೆ. ಇದರಲ್ಲಿ ಬಹಳ ಜನ ಹೇಳದೆ ಬಿಡುವ ಒಂದು ಸಾಲಿದೆ. ದಾಂಪತ್ಯ ಚೆನ್ನಾಗಿದ್ದಷ್ಟೂ ಆ ಕೈಯಿಂದ ಸಿಕ್ಕ ಸಮಾಧಾನ ಹೆಚ್ಚು. ಕೈಗೆ ತಾನಾಗಿ ಮಂತ್ರಶಕ್ತಿ ಇಲ್ಲ.

ಆದ್ದರಿಂದ ಜಗಳದ ನಡುವೆ ‘ಕೈ ಹಿಡ್ಕೊಳ್ಳಲಾ?’ ಎಂದು ಕೇಳಿ. ಬೇಡ ಅಂದರೆ ಬೇಡ, ಮುಖ ಊದಿಸಿಕೊಳ್ಳಬೇಡಿ. ಅವಳು ಮಾತಾಡುತ್ತಿರುವಾಗ ತಬ್ಬಿ ಬಾಯಿ ಮುಚ್ಚಿಸುವುದು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ಮನೆಯಲ್ಲಿ ಅದು ಮಾತು ಕಸಿದುಕೊಳ್ಳುವ ಇನ್ನೊಂದು ದಾರಿ.

11. ವಾರಕ್ಕೊಮ್ಮೆ ಎಣ್ಣೆ ಒತ್ತಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ನರಕ ಚತುರ್ದಶಿಯ ಅಭ್ಯಂಜನ ನಮಗೆಲ್ಲ ಗೊತ್ತು. ಬಾಣಂತಿಗೆ, ಕೂಸಿಗೆ ಎಣ್ಣೆ ನೀರು ಹಾಕುವುದೂ ಗೊತ್ತು. ಇವೆರಡನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಯಾರೂ ಯಾರ ತಲೆಯನ್ನೂ ಮುಟ್ಟುವುದಿಲ್ಲ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯ ಎಣ್ಣೆ ಹಚ್ಚುವುದನ್ನು ನಿತ್ಯದ ಕೆಲಸವೆಂದೇ ಹೇಳುತ್ತದೆ, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ. ನಿತ್ಯ ಆಗದಿದ್ದರೆ ಶನಿವಾರ ರಾತ್ರಿ ಆಗಲಿ.

ನಿಧಾನವಾಗಿ ಸವರುವುದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಕೂದಲಿರುವ ಚರ್ಮದಲ್ಲಿ, ಅಂದರೆ ಮುಂಗೈ, ತೋಳು, ಬೆನ್ನಿನಲ್ಲಿ, ಮೆಲುಸ್ಪರ್ಶಕ್ಕೆ ಸ್ಪಂದಿಸುವ ಒಂದು ಬಗೆಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಇವು ಹೆಚ್ಚು ಮಿಡಿಯುತ್ತವೆ, ಜನರಿಗೂ ಆ ವೇಗವೇ ಹೆಚ್ಚು ಹಿತ ಎಂದು ಸ್ವೀಡನ್ನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿಗೆ ಬರಲು ನಿಮ್ಮ ಅಂಗೈ ಆರೇಳು ಸೆಕೆಂಡು ತೆಗೆದುಕೊಳ್ಳಲಿ. ಸ್ಕ್ರಬ್ಬರ್ ಹಿಡಿದು ತವಾ ಉಜ್ಜುವ ವೇಗ ಬೇಡ. ತಣ್ಣನೆ ಕೈಯೂ ಬೇಡ, ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ.

ಕ್ರಮ ಸುಲಭ. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ. ಒತ್ತಿಸಿಕೊಳ್ಳುವವರು ಮಣೆಯ ಮೇಲೆ, ಒತ್ತುವವರು ಹಿಂದೆ ಕುರ್ಚಿಯ ಮೇಲೆ. ನೆತ್ತಿಗೆ ಎಣ್ಣೆ ಇಟ್ಟು ಬೆರಳ ತುದಿಯಿಂದ, ಉಗುರು ತಾಗದಂತೆ. ಕಿವಿಯ ಹಿಂದೆ, ತಲೆಬುರುಡೆ ಕತ್ತಿಗೆ ಸೇರುವ ಗುಳಿಯಲ್ಲಿ ಹೆಬ್ಬೆರಳು ಇಟ್ಟು ಮೆಲ್ಲಗೆ. ಅಲ್ಲಿಂದ ಭುಜಕ್ಕೆ. ಭುಜದ ಮೇಲಿನ ಗಂಟು ಸಿಕ್ಕಿದರೆ ಗುದ್ದಾಡಬೇಡಿ, ಹೆಬ್ಬೆರಳು ಒತ್ತಿಹಿಡಿದು ಅವರು ಎರಡು ಉಸಿರು ಬಿಡುವವರೆಗೆ ಕಾಯಿರಿ. ಹತ್ತು ನಿಮಿಷ ಸಾಕು. ‘ಜಾಸ್ತಿ ಆಯ್ತಾ?’ ಎಂದು ನಡುವೆ ಕೇಳುತ್ತಿರಿ.

ಷರತ್ತುಗಳು ಕೆಲವು. ಒಂದು, ಈ ಹತ್ತು ನಿಮಿಷ ಇಎಂಐ, ಸೀಟು, ಸೈಟು ಯಾವುದೂ ಬಾಯಿಗೆ ಬರಬಾರದು. ಎರಡು, ಇದು ಹಾಸಿಗೆಗೆ ಪೀಠಿಕೆಯಲ್ಲ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಪ್ರತಿ ಸ್ಪರ್ಶಕ್ಕೂ ಹಿಂದೆ ಒಂದು ಬೇಡಿಕೆ ಇದ್ದೇ ಇರುತ್ತದೆ ಎಂದು ಗೊತ್ತಾದ ಮೈ ಸಡಿಲವಾಗುವುದೇ ಇಲ್ಲ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು, ಸರದಿ. ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ಎಲ್ಲರಿಗೂ ಒತ್ತಿ ಒತ್ತಿ ಕೈ ಸೋತ ಹೆಂಗಸಿನ ತಲೆಗೆ ಎಣ್ಣೆ ಇಟ್ಟವರು ಯಾರು? ಒಂದೇ ಕಡೆಯಿಂದ ನಡೆಯುವ ಮಾಲೀಸು ಮನೆಗೆಲಸದ ಪಟ್ಟಿಯಲ್ಲಿ ಇನ್ನೊಂದು ಸಾಲು, ಅದರಿಂದ ಸಂಬಂಧ ಸುಧಾರಿಸುವುದಿಲ್ಲ. ಈ ವಾರ ಒತ್ತಿಸಿಕೊಂಡವರು ಮುಂದಿನ ವಾರ ಒತ್ತಬೇಕು.

ಎಚ್ಚರಿಕೆಗಳು: ಜ್ವರ, ಅಜೀರ್ಣ ಇದ್ದಾಗ ಬೇಡ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒತ್ತಲೇಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಎಣ್ಣೆಯ ಬಿಸಿ ತಿಳಿಯುವುದಿಲ್ಲ, ನೀವೇ ಮುಟ್ಟಿ ನೋಡಿ ಹಾಕಿ. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ‘ಲಟಕ್’ ಅನ್ನಿಸುವುದನ್ನು ಇಂದೇ ನಿಲ್ಲಿಸಿ. ಕತ್ತಿನ ರಕ್ತನಾಳ ಒಳಗೆ ಸೀಳಿ ಪಾರ್ಶ್ವವಾಯು ಆಗುವ ಅಪಾಯ ನಿಜವಾದದ್ದು. ಎಣ್ಣೆ ಬಿದ್ದ ಬಚ್ಚಲ ನೆಲದ ಬಗ್ಗೆ ಹೇಳಬೇಕಾಗಿಲ್ಲ.

12. ತೀರದ ಜಗಳವನ್ನು ತೀರಿಸಲು ಹೋಗಬೇಡಿ

ಗಾಟ್ಮನ್ ಲೆಕ್ಕದಲ್ಲಿ ದಂಪತಿಗಳ ತಕರಾರುಗಳಲ್ಲಿ ಶೇ 69ರಷ್ಟು ಎಂದಿಗೂ ಬಗೆಹರಿಯದವು. ಫ್ಯಾನು ಐದರಲ್ಲೋ ಮೂರರಲ್ಲೋ. ದುಡ್ಡು ಕೂಡಿಡುವುದೋ ಪ್ರವಾಸ ಹೋಗುವುದೋ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಎಷ್ಟು ಕಳಿಸಬೇಕು. ಇವು ಸ್ವಭಾವದ ವ್ಯತ್ಯಾಸಗಳು, ಇಪ್ಪತ್ತು ವರ್ಷದ ನಂತರವೂ ಇರುತ್ತವೆ. ಇನ್ನೊಬ್ಬರನ್ನು ಮದುವೆಯಾಗಿದ್ದರೆ ಬೇರೆ ಶೇ 69 ಸಿಗುತ್ತಿತ್ತು. ಇಂಥವುಗಳಲ್ಲಿ ಗೆಲ್ಲಲು ಹೊರಡುವ ಬದಲು ಈ ತಿಂಗಳ ಮಟ್ಟಿಗೆ ಒಂದು ಒಪ್ಪಂದ ಸಾಕು. ಅದನ್ನು ಮಾತಾಡುವಾಗ ಸ್ವಲ್ಪ ನಗು ಉಳಿದಿದ್ದರೆ ಸಂಬಂಧ ಸರಿಯಾಗಿದೆ ಎಂದೇ ಅರ್ಥ.

13. ಮೂರನೆಯವರ ಕಣ್ಣಿನಿಂದ ಬರೆಯಿರಿ

ಇಲೈ ಫಿಂಕೆಲ್ ಎಂಬ ಮನೋವಿಜ್ಞಾನಿ ಶಿಕಾಗೋ ಸುತ್ತಮುತ್ತಲಿನ 120 ದಂಪತಿಗಳನ್ನು ಎರಡು ವರ್ಷ ಗಮನಿಸಿದರು. ಮೊದಲ ವರ್ಷ ಎಲ್ಲರ ತೃಪ್ತಿಯೂ ಒಂದಿಷ್ಟು ಇಳಿಯಿತು. ಎರಡನೇ ವರ್ಷ ಅರ್ಧ ಜನರಿಗೆ ಒಂದು ಬರೆಯುವ ಕೆಲಸ ಕೊಟ್ಟರು: ಇಬ್ಬರಿಗೂ ಒಳ್ಳೆಯದನ್ನೇ ಬಯಸುವ, ಯಾರ ಪಕ್ಷವನ್ನೂ ವಹಿಸದ ಒಬ್ಬರು ನಿಮ್ಮ ಈಚಿನ ಜಗಳವನ್ನು ಹೇಗೆ ಕಾಣುತ್ತಿದ್ದರು? ಒಂದು ಸಲಕ್ಕೆ 7 ನಿಮಿಷ, ವರ್ಷಕ್ಕೆ ಮೂರು ಸಲ, ಒಟ್ಟು 21 ನಿಮಿಷ. ಬರೆದವರ ಇಳಿಕೆ ನಿಂತಿತು, ಬರೆಯದವರದು ಮುಂದುವರಿಯಿತು. ಜಗಳದ ಸಂಖ್ಯೆ ಕಡಿಮೆಯಾಗಲಿಲ್ಲ, ಅವು ಕೊಡುತ್ತಿದ್ದ ಸಂಕಟ ಕಡಿಮೆಯಾಯಿತು.

ನಮ್ಮಲ್ಲಿ ಮೂರನೆಯವರಿಗೇನೂ ಕೊರತೆಯಿಲ್ಲ. ಸೋದರಮಾವ ಇದ್ದಾರೆ, ದೊಡ್ಡಮ್ಮ ಇದ್ದಾರೆ, ಫ್ಯಾಮಿಲಿ ವಾಟ್ಸಾಪ್ ಗುಂಪೇ ಇದೆ. ಅವರು ಯಾರೂ ಅಲ್ಲ. ಯಾರ ಪಕ್ಷವನ್ನೂ ವಹಿಸದ ಬಂಧು ಕಲ್ಪನೆಯಲ್ಲಿ ಮಾತ್ರ ಸಿಗುತ್ತಾರೆ, ಅದಕ್ಕೇ ಬರೆಯುವುದು.

14. ಜಗಳಕ್ಕೊಂದು ಹೊತ್ತು ಗೊತ್ತುಮಾಡಿ

ಭಾನುವಾರ ತಿಂಡಿ ಮುಗಿದ ಮೇಲೆ ಅರ್ಧ ಗಂಟೆ. ಶನಿವಾರದ ಎಣ್ಣೆ ಆಗಿರುತ್ತದೆ, ಸ್ನಾನ ಆಗಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಯಾರಿಗೂ ಬಸ್ಸು ತಪ್ಪುವುದಿಲ್ಲ. ಎರಡೂ ಫೋನು ಪಕ್ಕದ ರೂಮಿನಲ್ಲಿ. ಮೊದಲ ಐದು ನಿಮಿಷ ಈ ವಾರ ಚೆನ್ನಾಗಿ ಆದದ್ದನ್ನು ಹೇಳಿ, ‘ಮಗಳ ಸ್ಕೂಲಿನ ಪಿಟಿಎಂಗೆ ರಜೆ ಹಾಕಿ ಹೋದ್ರಲ್ಲ, ಖುಷಿಯಾಯ್ತು’ ಎನ್ನುವಷ್ಟು ಸಣ್ಣದಾದರೂ ಸರಿ. ಗಟ್ಟಿ ದಾಂಪತ್ಯಗಳಲ್ಲಿ ಜಗಳದ ಹೊತ್ತಿನಲ್ಲೂ ಒಂದು ಕಹಿಮಾತಿಗೆ ಐದು ಹಿತಮಾತು ಇರುತ್ತವೆ ಎನ್ನುವುದು ಗಾಟ್ಮನ್ ಮತ್ತು ಲೆವೆನ್ಸನ್ ಕಂಡ ಅಳತೆ. ಆಮೇಲೆ ಒಂದು ವಿಷಯ, ಒಂದೇ. ಒಬ್ಬರು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರು ‘ನೀನು ಹೇಳಿದ್ದು ಇದು ತಾನೇ?’ ಎಂದು ಕೇಳಿ, ಹೌದು ಅನ್ನಿಸಿಕೊಂಡು, ತಮ್ಮ ಮಾತು ಶುರುಮಾಡಬೇಕು. ಎರಡನೇ ವಿಷಯ ನುಗ್ಗಿದರೆ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಮುಂದಿನ ಭಾನುವಾರಕ್ಕೆ ಆಯಿತು. ಅರ್ಧ ಗಂಟೆಗೆ ಅಲಾರಂ ಇಡಿ, ಹೊಡೆದಾಗ ಏಳಿ.